ಓದುಗರ ಪ್ರಶ್ನೆ: ಲೈಬ್ರರಿಯ ಚಾರ್ಟ್ ನೋಡಿ ಜನ ಏನು ಓದುತ್ತಾರೆ ಅಂತ ಹೇಳಬಹುದಾ?

ಸಿಂಧನೂರು, ಗಂಗಾವತಿ, ಸಿರುಗುಪ್ಪ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಊರ ಲೈಬ್ರರಿಯ ಪುಸ್ತಕಗಳ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ ಚೌಕಗಳ ಚಾರ್ಟ್ ಮಾಡಿದ್ದೇವೆ, ಪುಸ್ತಕ ಹೆಚ್ಚಿದ್ದಷ್ಟೂ ಚೌಕ ದೊಡ್ಡದು. ಕಾದಂಬರಿಯ ಚೌಕ ಎಲ್ಲಕ್ಕಿಂತ ದೊಡ್ಡದು. ಅಂದರೆ ನಮ್ಮೂರಲ್ಲಿ ಜಾಸ್ತಿ ಓದೋದು ಕಾದಂಬರಿ ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ. ನೀವು ಎಕ್ಸೆಲ್‌ಗೆ ಹಾಕಿದ್ದು ಅಕ್ಸೆಷನ್ ರಿಜಿಸ್ಟರ್. ಪುಸ್ತಕ ಯಾವತ್ತು ಬಂತು, ಎಲ್ಲಿಂದ ಬಂತು, ಬೆಲೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ಯಾರು ಓದಿದರು ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಕೆಲವು ಪುಸ್ತಕ ಸಗಟು ಖರೀದಿಯಲ್ಲಿ ಬಂದಿರುತ್ತವೆ. ಕೆಲವು ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಲ್ಲಿ ಬಂದಿರುತ್ತವೆ. ತೀರಿಹೋದ ಮೇಷ್ಟ್ರ ಮನೆಯವರು ಒಂದೇ ದಿನ ಎರಡು ಚೀಲ ತಂದು ಕೊಟ್ಟಿರಬಹುದು. ದೊಡ್ಡ ಚೌಕ ಹೇಳುವುದು ಇಷ್ಟೇ: ಇವು ಬಂದು ಸೇರಿವೆ.

ಅನುಮಾನ ಇದ್ದರೆ ಆ ಕಪಾಟಿಗೇ ಹೋಗಿ ನಾಲ್ಕು ಪುಸ್ತಕ ತೆಗೆದು ಡೇಟ್ ಸ್ಲಿಪ್, ಅಂದರೆ ಮನೆಗೆ ಕೊಟ್ಟಾಗಲೆಲ್ಲ ತಾರೀಖಿನ ಸೀಲು ಹಾಕುವ ಚೀಟಿ, ನೋಡಿ. ಒಂದರಲ್ಲಿ ಜಾಗ ಸಾಲದೆ ಸ್ಲಿಪ್ ಮೇಲೆ ಸ್ಲಿಪ್ ಅಂಟಿಸಿರುತ್ತಾರೆ, ರಟ್ಟು ಕಿತ್ತು ಬಂದಿರುತ್ತದೆ. ಪಕ್ಕದ್ದರಲ್ಲಿ ಒಂದು ಸೀಲೂ ಇಲ್ಲ. ಚಾರ್ಟಿಗೆ ಇವೆರಡೂ ಒಂದೊಂದು ಪುಸ್ತಕ, ಅಷ್ಟೇ.

ಹಾಗಾದರೆ ಮನೆಗೆ ಕೊಟ್ಟ ಪುಸ್ತಕ ಬರೆದಿಡುವ ಇಶ್ಯೂ ರಿಜಿಸ್ಟರ್ ಹಾಕೋಣ ಅನ್ನುತ್ತೀರಿ. ಹಾಕಿ, ಒಳ್ಳೆಯದು. ಆದರೆ ಅದೂ ಅರ್ಧ ಲೆಕ್ಕವೇ. ಪಿಡಿಒ, ಕೆಎಎಸ್ ಪರೀಕ್ಷೆಗೆ ಓದುವವರು ಬೆಳಿಗ್ಗೆಯಿಂದ ರೆಫರೆನ್ಸ್ ಪುಸ್ತಕ ಹಿಡಿದು ಕೂತಿರುತ್ತಾರೆ. ಅವನ್ನು ಮನೆಗೆ ಕೊಡುವುದಿಲ್ಲ, ಹಾಗಾಗಿ ಇಶ್ಯೂ ಆಗುವುದೂ ಇಲ್ಲ. ದಿನವೂ ಕೈಯಿಂದ ಕೈಗೆ ಹೋಗುವ ಪುಸ್ತಕವೇ ಲೆಕ್ಕಕ್ಕೆ ಸಿಗುವುದಿಲ್ಲ. ಇರುವ ಪುಸ್ತಕಗಳದ್ದು ಒಂದು, ಇಶ್ಯೂ ಆದದ್ದು ಇನ್ನೊಂದು, ಹೀಗೆ ಎರಡು ಚಾರ್ಟ್ ಪಕ್ಕಪಕ್ಕ ಇಡಿ. ಎಲ್ಲಿ ಎರಡೂ ಹೊಂದುವುದಿಲ್ಲವೋ ಅಲ್ಲಿ ನಿಜವಾದ ಕೆಲಸ ಶುರು.

ಇನ್ನೊಂದು ಪ್ರಶ್ನೆ ಇದೆ. ಯಾರೂ ಕೇಳಿಲ್ಲ, ಆದರೆ ಕೇಳಲೇಬೇಕು: ಚಾರ್ಟಿನಲ್ಲಿ ಕನ್ನಡ ಎಲ್ಲಿ? ಮೆಲ್ವಿಲ್ ಡ್ಯೂಯಿ 1876ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ, ಲೈಬ್ರರಿ ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ವರ್ಗೀಕರಣದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820, ಫ್ರೆಂಚಿಗೆ 840. ಕನ್ನಡ ಸಾಹಿತ್ಯಕ್ಕೆ 894.814. ತೆಲುಗು 894.827, ಉರ್ದು 891.439. ಮೊದಲ ಎರಡು ಅಂಕಿ ನೋಡಿ ಚೌಕ ಮಾಡಿದರೆ ಮೂರೂ 890ರ 'ಇತರೆ' ಚೌಕಕ್ಕೆ ಬೀಳುತ್ತವೆ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಭಾಗದ ಕಪಾಟಿನಲ್ಲಿ ಈ ಮೂರು ಭಾಷೆ ಹೇಗೆ ಕೂತಿವೆ ಅನ್ನೋದೇ ನೋಡಬೇಕಾದ ವಿಷಯ. ಅದನ್ನೇ 'ಇತರೆ' ಮಾಡಿದರೆ ಹೇಗೆ?

ಆದ್ದರಿಂದ ಪೂರ್ತಿ ನಂಬರ್ ಇಟ್ಟುಕೊಂಡೇ ವಿಂಗಡಿಸಿ. ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ಎಕ್ಸೆಲ್‌ನಲ್ಲಿ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತಿಂದುಬಿಡುತ್ತದೆ, 005.13 ಅನ್ನೋ ಕಂಪ್ಯೂಟರ್ ಪುಸ್ತಕ 5.13 ಆಗಿ ಯಾವ ವಿಭಾಗಕ್ಕೂ ಸೇರದೆ ಉಳಿಯುತ್ತದೆ.