ಪಿಕಪ್ ಆಗಾಗ ಬೀಳುವ ಟರ್ಬೊ ಕಾರು: ಯಾವ ಗೆರೆ ಮೊದಲು ಬಿತ್ತು?

ಮೂರು ದಿನ ಒಂದೇ ಕಾರಿನ ಜೊತೆ ಗುದ್ದಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಈಗಲೇ ಬರೆದಿಡದಿದ್ದರೆ ಮುಂದಿನ ಸಲ ಮತ್ತೆ ಅಲ್ಲೇ ಎಡವುತ್ತೇನೆ. ನನ್ನ ಹಾಗೆ ಡಿಪ್ಲೊಮಾ ಮುಗಿಸಿ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಕಾರು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. 2.0 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬಿಸುವ ಯಂತ್ರ) ಇರುವ ಪೆಟ್ರೋಲ್ ಎಂಜಿನ್, ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್. ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ದೇವನಹಳ್ಳಿ ಕಡೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಆಮೇಲೆ ಪೆಡಲ್ ಪೂರ್ತಿ ಒತ್ತಿದರೆ ಕೆಲವು ಸಲ ಪಿಕಪ್ ಬಿದ್ದುಹೋಗುತ್ತದೆ. ಒಂದೆರಡು ಸೆಕೆಂಡ್ ಅಷ್ಟೇ. ಕಾಲು ತೆಗೆದು ಮತ್ತೆ ಒತ್ತಿದರೆ ಸರಿಯಾಗುತ್ತದೆ. ಚೆಕ್ ಎಂಜಿನ್ ದೀಪ ಉರಿಯುತ್ತಿರಲಿಲ್ಲ.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇದು. ಈ ಕಾರುಗಳಲ್ಲಿ ಪೆಡಲಿಗೂ ಥ್ರಾಟಲಿಗೂ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ನಡುವೆ ಕೇಬಲ್ ಇಲ್ಲ. ನಾವು ಪೆಡಲ್ ಒತ್ತುವುದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಸಲ್ಲಿಸುವ ಬೇಡಿಕೆ ಮಾತ್ರ. ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಇದೆಯಾ, ಒಳಗೆ ಹೋಗುವ ಗಾಳಿ ಜಾಸ್ತಿ ಬಿಸಿ ಇದೆಯಾ, ಪೆಟ್ರೋಲ್ ಒತ್ತಡ ಸಾಕಾ, ಚಕ್ರ ಜಾರುತ್ತಿದೆಯಾ ಅಂತ ಎಲ್ಲ ನೋಡಿ, ಎಷ್ಟು ಕೊಡಬೇಕು ಅಂತ ಇಸಿಯು ತೀರ್ಮಾನಿಸುತ್ತದೆ. ಹಾಗಾಗಿ ಪಿಕಪ್ ಬಿತ್ತು ಅಂದರೆ ಎರಡರಲ್ಲಿ ಒಂದು. ಎಂಜಿನ್ನಿಗೆ ಶಕ್ತಿ ಕೊಡಲು ಆಗಲಿಲ್ಲ, ಇಲ್ಲವೇ ಇಸಿಯು ಬೇಕಂತಲೇ ತಡೆಯಿತು. ಎರಡನೆಯದಾದರೆ ಯಾಕೆ ತಡೆಯಿತು ಅಂತ ಹುಡುಕಬೇಕು.

ತೊಂದರೆ ಕಂಡಾಗ ಇಸಿಯು ಬರೆದಿಡುವ ಕೋಡ್‌ಗಳ ಬಗ್ಗೆ ಒಂದೇ ಮಾತು: ಬಂದ ತಕ್ಷಣ ಅಳಿಸಬೇಡಿ. ಕೋಡ್ ಅಳಿಸಿದರೆ ಅದರ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ತೊಂದರೆ ಆದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಲೋಡ್ ಎಷ್ಟಿತ್ತು ಅಂತ ಇಸಿಯು ಬರೆದಿಟ್ಟುಕೊಂಡದ್ದು ಅದರಲ್ಲೇ ಇರುತ್ತದೆ. ಈ ಕಾರಿನ ಕೋಡ್‌ಗಳನ್ನು ನಮ್ಮ ಹತ್ತಿರ ಬರುವ ಮುಂಚೆಯೇ ಯಾರೋ ಅಳಿಸಿದ್ದರು. ದೀಪ ಉರಿಯದಿದ್ದರೂ ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ಕೋಡ್) ಇರಬಹುದು, ಅದನ್ನೂ ನೋಡಿ. ಎಷ್ಟೋ ತೊಂದರೆಗಳು ಎರಡು ಓಟಗಳಲ್ಲಿ ಕಾಣಿಸಿಕೊಂಡರೆ ಮಾತ್ರ ದೀಪ ಉರಿಯುತ್ತದೆ.

ಈಗ ನನ್ನ ಅರ್ಧ ದಿನ ತಿಂದ ವಿಷಯ: ಗಾಳಿಯ ಒತ್ತಡ.

ಇಸಿಯುವಿನ ಅಂಕಿಗಳನ್ನು ಓದುವ ಸ್ಕ್ಯಾನರಿನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ 180 ಕಿಲೊಪ್ಯಾಸ್ಕಲ್ ತೋರಿಸುತ್ತಿತ್ತು. 100 ಕಿಲೊಪ್ಯಾಸ್ಕಲ್ ಅಂದರೆ 1 ಬಾರ್, ಹಾಗಾಗಿ ಇದು 1.8 ಬಾರ್. ಆದರೆ ಡ್ಯಾಶ್‌ಬೋರ್ಡಿನಲ್ಲಿ ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಸುಮಾರು 0.9 ಬಾರ್ ತೋರಿಸುತ್ತಿತ್ತು. ಅರ್ಧ ಗಾಳಿ ಎಲ್ಲೋ ಸೋರುತ್ತಿದೆ ಅಂತ ನಾನು ನಂಬಿಬಿಟ್ಟೆ. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್, ಕ್ಲಾಂಪ್ ಎಲ್ಲ ಬಿಚ್ಚಿ ನೋಡಿದೆ. ಸ್ಮೋಕ್ ಮಷೀನ್ ಕೂಡ ಹಾಕಿದೆ. ಎಲ್ಲೂ ಹೊಗೆ ಬರಲಿಲ್ಲ.

ಸೋರಿಕೆ ಇರಲೇ ಇಲ್ಲ. ಎರಡು ಮೀಟರುಗಳು ಬೇರೆ ಬೇರೆ ಕಡೆಯಿಂದ ಎಣಿಸುತ್ತಿದ್ದವು. ಸ್ಕ್ಯಾನರ್ ಎಣಿಸುವುದು ಪೂರ್ತಿ ಖಾಲಿಯಿಂದ, ಅಂದರೆ ಸೊನ್ನೆ ಗಾಳಿಯಿಂದ. ಬೂಸ್ಟ್ ಮೀಟರ್ ಎಣಿಸುವುದು ಹೊರಗಿನ ಗಾಳಿಯಿಂದ ಮೇಲಕ್ಕೆ. ಮನೆಯ ಎತ್ತರವನ್ನು ಒಬ್ಬ ಪಾಯದಿಂದ ಅಳೆದ, ಇನ್ನೊಬ್ಬ ಹೊಸ್ತಿಲಿನಿಂದ ಅಳೆದ ಹಾಗೆ. ಅಳತೆ ಬೇರೆ ಬಂದರೂ ಮನೆ ಒಂದೇ ಅಲ್ವಾ?

ಇನ್ನೊಂದು ತೊಡಕು ಏನೆಂದರೆ, ಆ ಹೊಸ್ತಿಲು ಎಲ್ಲ ಊರಿನಲ್ಲೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಮಂಗಳೂರಿನ ಕಡಲ ದಂಡೆಯಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 101 ಕಿಲೊಪ್ಯಾಸ್ಕಲ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು ಸುಮಾರು 91. ನಂದಿ ಬೆಟ್ಟದ ತುದಿಯಲ್ಲಿ ಸುಮಾರು 85. ಸ್ಕ್ಯಾನರ್ ಎಲ್ಲ ಕಡೆಯೂ 180 ತೋರಿಸಿದರೆ, ಟರ್ಬೊ ಮಂಗಳೂರಿನಲ್ಲಿ ಸೇರಿಸಿದ್ದು 79, ಬೆಂಗಳೂರಿನಲ್ಲಿ 89, ನಂದಿಯ ಮೇಲೆ 95. ಎತ್ತರಕ್ಕೆ ಹೋದಷ್ಟೂ ಅದೇ 180 ಮುಟ್ಟಲು ಟರ್ಬೊ ಜಾಸ್ತಿ ದುಡಿಯಬೇಕು. ಬೇರೆ ಊರಿನ ಲಾಗ್ (ಓಡಿಸುವಾಗ ಸ್ಕ್ಯಾನರ್ ದಾಖಲಿಸಿದ ಅಂಕಿಗಳು) ಪಕ್ಕದಲ್ಲಿಟ್ಟುಕೊಂಡು ಹೋಲಿಸುವಾಗ ಇದನ್ನು ಮರೆಯಬಾರದು.

ಇದಕ್ಕೆ ನನಗೆ ತುಂಬ ಇಷ್ಟವಾದ ಸುಲಭ ದಾರಿ ಒಂದಿದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಮ್ಯಾನಿಫೋಲ್ಡಿನಲ್ಲಿ ಇರುವುದು ಹೊರಗಿನ ಗಾಳಿಯೇ. ಸ್ಕ್ಯಾನರ್ ತೋರಿಸುವ ಅಂಕಿ ಬರೆದುಕೊಳ್ಳಿ. ಬೆಂಗಳೂರಿನಲ್ಲಿ 91ರ ಆಸುಪಾಸು ಬರಬೇಕು. ಆಮೇಲೆ ಲಾಗಿನಲ್ಲಿ ಬಂದ ಪ್ರತಿ ಅಂಕಿಯಿಂದ ಇದನ್ನು ಕಳೆಯಿರಿ, ಬೂಸ್ಟ್ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಎಂಜಿನ್ ನಿಂತಿರುವಾಗಲೇ ಇಲ್ಲಿ 75 ಬಂದರೆ ಅಥವಾ 110 ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತ ಅರ್ಥ. ಒಂದು ಪೈಸೆ ಖರ್ಚಿಲ್ಲದೆ ಸೆನ್ಸರ್ ಪರೀಕ್ಷೆಯೂ ಆಯಿತು. ಈಗ ಯಾವ ಟರ್ಬೊ ಗಾಡಿ ಬಂದರೂ ನಾನು ಮೊದಲು ಮಾಡುವುದು ಇದನ್ನೇ.

ಇನ್ನು ಲಾಗ್. ಒಬ್ಬರು ಓಡಿಸಬೇಕು, ಇನ್ನೊಬ್ಬರು ಲ್ಯಾಪ್‌ಟಾಪ್ ಹಿಡಿಯಬೇಕು. ಓಡಿಸುವವರು ಪರದೆ ನೋಡಲೇಬಾರದು. ಖಾಲಿ ರಸ್ತೆ, ಮೂರನೇ ಗೇರ್, 2000 ಆರ್‌ಪಿಎಂನಿಂದ ಪೂರ್ತಿ ಪೆಡಲ್.

ಮೊದಲ ಲಾಗಿನಲ್ಲಿ ಪೆಡಲ್ 100 ಶೇಕಡಾ ಇದ್ದರೂ ಥ್ರಾಟಲ್ 35ಕ್ಕೆ ಮುಚ್ಚಿಕೊಂಡಿತ್ತು. ಥ್ರಾಟಲ್ ಬಾಡಿ ಹೋಗಿದೆ, ಬದಲಿಸಬೇಕು ಅಂತ ನಾನು ಮೇಸ್ತ್ರಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಅದೇ ಮುಚ್ಚಿಕೊಳ್ತಾ, ಇಲ್ಲ ಯಾರಾದ್ರೂ ಮುಚ್ಚು ಅಂದ್ರಾ?"

ಉತ್ತರ ನನ್ನ ಲಾಗಿನಲ್ಲಿ ಇರಲಿಲ್ಲ. ನಾನು 22 ಅಂಕಿಗಳನ್ನು ಒಟ್ಟಿಗೆ ಆರಿಸಿಕೊಂಡಿದ್ದೆ. ಸ್ಕ್ಯಾನರ್ ಅವನ್ನು ಸರದಿಯಲ್ಲಿ ಕೇಳುತ್ತಾ ಹೋಗುತ್ತದೆ. ಪಟ್ಟಿ ಉದ್ದವಾದಷ್ಟೂ ಒಂದೊಂದರ ಸರದಿ ಬರುವುದು ತಡ. ನನ್ನ ಲಾಗಿನಲ್ಲಿ ಒಂದೊಂದು ಅಂಕಿ ಎರಡು ಸೆಕೆಂಡಿಗೊಮ್ಮೆ ಬದಲಾಗುತ್ತಿತ್ತು. ಇಡೀ ಘಟನೆಯೇ ಒಂದು ಸೆಕೆಂಡಿನದು. ಹಾಗಾಗಿ ಎಲ್ಲವೂ ಒಟ್ಟಿಗೆ ಬಿದ್ದ ಹಾಗೆ ಕಾಣುತ್ತಿತ್ತು.

ಮಾರನೇ ದಿನ ಐದನ್ನು ಮಾತ್ರ ಆರಿಸಿದೆ: ಪೆಡಲ್, ಥ್ರಾಟಲ್, ಮ್ಯಾನಿಫೋಲ್ಡ್ ಒತ್ತಡ, ಟ್ಯಾಂಕ್ ಪಂಪಿನ ಪೆಟ್ರೋಲ್ ಒತ್ತಡ, ರೇಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ. ನಾಲ್ಕನೇ ಓಟದಲ್ಲಿ ಪಿಕಪ್ ಬಿತ್ತು. ಗ್ರಾಫ್ ದೊಡ್ಡದು ಮಾಡಿ ನೋಡಿದರೆ ಅಷ್ಟೂ ಕಥೆ ಅಲ್ಲೇ ಇತ್ತು. ಮೊದಲು ಟ್ಯಾಂಕ್ ಪಂಪಿನ ಒತ್ತಡ 5 ಬಾರಿನಿಂದ 3ಕ್ಕೆ ಜಾರಿತು. ಅದರ ಹಿಂದೆಯೇ ರೇಲಿನ ಒತ್ತಡ 200ರಿಂದ 110 ಬಾರಿಗೆ ಬಿತ್ತು. ಆಮೇಲೆ ಥ್ರಾಟಲ್ ಮುಚ್ಚಿತು. ಬೂಸ್ಟ್ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ.

ನನಗೆ ಕಷ್ಟವಾದದ್ದು ಇದೇ ಆದ್ದರಿಂದ ನಿಧಾನವಾಗಿ ಬಿಡಿಸಿ ಬರೆಯುತ್ತೇನೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಎರಡು ಪಂಪ್. ಟ್ಯಾಂಕಿನೊಳಗಿನ ಕರೆಂಟ್ ಪಂಪ್ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ಮೇಲಿರುವ, ಕ್ಯಾಮ್‌ಶಾಫ್ಟ್ ಒತ್ತುವ ಪಂಪ್ ಅದನ್ನು ನೂರಾರು ಬಾರ್ ಒತ್ತಡಕ್ಕೆ ಏರಿಸುತ್ತದೆ. ಹಿಂದಿನದು ಸರಿಯಾಗಿ ತುಂಬಿಸದಿದ್ದರೆ ಮುಂದಿನದಕ್ಕೆ ಒತ್ತಲು ಏನೂ ಇರುವುದಿಲ್ಲ. ಪೆಟ್ರೋಲ್ ಕಡಿಮೆ, ಗಾಳಿ ಮಾತ್ರ ಪೂರ್ತಿ ಅಂದರೆ ಪಿಸ್ಟನ್ ಸುಡುವ ಅಪಾಯ. ಅದಕ್ಕೇ ಇಸಿಯು ಥ್ರಾಟಲ್ ಮುಚ್ಚಿ ಗಾಳಿ ಕಡಿಮೆ ಮಾಡಿತು. ಥ್ರಾಟಲ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನಾನು ಬದಲಿಸಲು ಹೊರಟಿದ್ದು ಎಂಜಿನ್ ಉಳಿಸಿದ ಭಾಗವನ್ನು! ಆ ಓಟದ ನಂತರ ಪೆಂಡಿಂಗ್ ಕೋಡ್ ಪಿ0087 ಕೂಡ ಬಂತು. ರೇಲಿನ ಒತ್ತಡ ಕಡಿಮೆ ಅಂತ ಅದರ ಅರ್ಥ.

ಹಾಗಾದರೆ ಟ್ಯಾಂಕ್ ಪಂಪ್ ಹೋಗಿದೆಯಾ? ಅದನ್ನು ಆರ್ಡರ್ ಮಾಡುವ ಮುಂಚೆ ವೈರಿಂಗ್ ನೋಡಬೇಕು. ಪಂಪಿಗೆ ಕರೆಂಟ್ ಕೊಡುವ ಮಾಡ್ಯೂಲಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ತೋರಿಸಿತು. ಇದನ್ನು ನಂಬಬೇಡಿ. ಕನೆಕ್ಟರ್ ಬಿಚ್ಚಿದಾಗ ಕರೆಂಟ್ ಹರಿಯುತ್ತಿಲ್ಲ, ಮೀಟರ್ ಎಳೆಯುವುದು ಲೆಕ್ಕಕ್ಕೇ ಇಲ್ಲದಷ್ಟು. ಕರೆಂಟ್ ಹರಿಯದಿದ್ದರೆ ಕೆಟ್ಟ ಜಾಯಿಂಟ್ ವೋಲ್ಟೇಜ್ ತಿನ್ನುವುದೇ ಇಲ್ಲ.

ಕನೆಕ್ಟರ್ ಹಾಕಿ, ಎಂಜಿನ್ ಬಿಸಿ ಇರುವಾಗಲೇ ಸ್ಕ್ಯಾನರಿನಿಂದ ಪಂಪನ್ನು ಪೂರ್ತಿ ಓಡಿಸಿದೆವು. ಮೀಟರಿನ ಒಂದು ಕಡ್ಡಿ ಮಾಡ್ಯೂಲಿನ ಅರ್ತ್ ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. 1.8 ವೋಲ್ಟ್ ಬಂತು! ಒಳ್ಳೆಯ ಅರ್ತಿನಲ್ಲಿ ಇದು ಸೊನ್ನೆಗೆ ಹತ್ತಿರ ಇರಬೇಕು. ಕ್ಲಾಂಪ್ ಮೀಟರಿನಲ್ಲಿ ಕರೆಂಟ್ 12 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಅರ್ತಿನ ದಾರಿಯಲ್ಲಿ 0.15 ಓಮ್ ಅಡ್ಡಿ (ರೆಸಿಸ್ಟೆನ್ಸ್). ಪಂಪ್ ನಿಧಾನವಾಗಿ ಓಡಿ 3 ಆಂಪಿಯರ್ ಎಳೆಯುವಾಗ ಇಷ್ಟೇ ಓಮ್ ತಿನ್ನುವುದು 0.45 ವೋಲ್ಟ್, ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಪೆಡಲಿಗೆ ಪಂಪ್ ಜಾಸ್ತಿ ಕೇಳಿದಾಗ ಮಾತ್ರ 1.8. ಜಾಯಿಂಟ್ ಬಿಸಿಯಾದರೆ ಇನ್ನೂ ಜಾಸ್ತಿ. ಊರೊಳಗೆ ಚೆನ್ನಾಗಿದ್ದ ಗಾಡಿ ಹೆದ್ದಾರಿಯಲ್ಲಿ ಮಾತ್ರ ಯಾಕೆ ಕೈಕೊಡುತ್ತಿತ್ತು ಅಂತ ಆಗ ನನಗೆ ಅರ್ಥವಾಯಿತು.

ಡಿಕ್ಕಿಯ ಒಳಗಿನ ಹೊದಿಕೆ ತೆಗೆದು ನೋಡಿದರೆ ಅರ್ತ್ ಬೋಲ್ಟಿನ ಕೆಳಗೆ ಹಸಿರು ಕಿಲುಬು ಹಿಡಿದಿತ್ತು. ಕಿಲುಬು ಕೆರೆದು ತಗಡು ಹೊಳೆಯುವ ತನಕ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿ, ಬಿಗಿಮಾಡಿ, ಮೇಲೆ ಗ್ರೀಸ್ ಹಚ್ಚಿದೆವು. ಮತ್ತೆ ಪಂಪ್ ಓಡಿಸಿ ಅಳೆದಾಗ 0.06 ವೋಲ್ಟ್. ಸಂಜೆ ಅದೇ ರಸ್ತೆಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಅವೇ ಐದು ಅಂಕಿ ಹಾಕಿಕೊಂಡು ಎಂಟು ಸಲ ಎಳೆಸಿದೆವು. ಟ್ಯಾಂಕ್ ಪಂಪಿನ ಗೆರೆ ಎಂಟೂ ಸಲ 5 ಬಾರಿನಿಂದ ಕದಲಲಿಲ್ಲ.