ಸೌಂದರ್ಯವರ್ಧಕಗಳಲ್ಲಿ ವಿಷ: ನಿಷೇಧದ ಪಟ್ಟಿ ಎಣಿಸಿದರೆ ಸಾಲದು

ಸೌಂದರ್ಯವರ್ಧಕಗಳಲ್ಲಿನ ವಿಷವನ್ನು ಯುರೋಪ್, ಅಮೆರಿಕ ಹೇಗೆ ತಡೆಯುತ್ತವೆ ಅನ್ನುವ ಪ್ರಶ್ನೆ ಹಿಡಿದು ಕೂತವರಿಗೆಲ್ಲ ಮೊದಲು ಸಿಗುವ ಸಾಲು ಇದು: ಯುರೋಪಿಯನ್ ಒಕ್ಕೂಟ 1300ಕ್ಕೂ ಹೆಚ್ಚು ರಾಸಾಯನಿಕಗಳನ್ನು ನಿಷೇಧಿಸಿದೆ, ಅಮೆರಿಕ ಕೈ ಹಾಕಿದ್ದು 11ರ ಆಸುಪಾಸಿಗೆ ಮಾತ್ರ. ಲೆಕ್ಕ ಸುಳ್ಳಲ್ಲ. ಆದರೆ ಇಷ್ಟನ್ನೇ ಬರೆದರೆ ಉತ್ತರ ಅರ್ಧವೂ ಆಗುವುದಿಲ್ಲ. ಯುರೋಪಿನ ಪಟ್ಟಿಯಲ್ಲಿ ಸ್ಟ್ರಿಕ್ನಿನ್, ಕುರಾರೆಯಂಥ ಮಾರಕ ವಿಷಗಳು, ನಿಕೋಟಿನ್ ಕೂಡ ಇವೆ. ಸ್ಟ್ರಿಕ್ನಿನ್ ಹಾಕಿ ಫೇಸ್ ಕ್ರೀಮ್ ಮಾಡಲು ಯಾರು ಹೊರಟಿದ್ದರು, ಹೇಳಿ?

ನಿಜವಾದ ವ್ಯತ್ಯಾಸ ಇರುವುದು ಹೊಣೆ ಯಾರದು ಅನ್ನುವಲ್ಲಿ. ಯುರೋಪಿನ 1223/2009 ನಿಯಮದ ಪ್ರಕಾರ, ವಸ್ತು ಮಾರುಕಟ್ಟೆಗೆ ಬರುವ ಮೊದಲೇ ಅದರ ಸುರಕ್ಷತಾ ವರದಿ ಸಿದ್ಧವಿರಬೇಕು. ಜವಾಬ್ದಾರಿ ಹೊತ್ತ ಒಬ್ಬ ವ್ಯಕ್ತಿ ಅಥವಾ ಕಂಪನಿಯ ಹೆಸರು ಲೇಬಲ್ ಮೇಲೆ ಇರಬೇಕು. ಅಮೆರಿಕದಲ್ಲಿ ಬಣ್ಣಗಳಿಗೆ ಮಾತ್ರ ಮುಂಚೆಯೇ ಒಪ್ಪಿಗೆ ಬೇಕು. ಉಳಿದದ್ದು ಮಾರಾಟವಾದ ಮೇಲೆ ತೊಂದರೆ ಕಂಡರೆ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕ್ರಮ ಕೈಗೊಳ್ಳುವ ಪದ್ಧತಿ.

ಅಲ್ಲಿನ ಕಾನೂನಿನ ಹಿಂದೆ ಒಂದು ಕಹಿ ಕಥೆಯಿದೆ. 1930ರ ದಶಕದಲ್ಲಿ ಲ್ಯಾಶ್ ಲೂರ್ ಅನ್ನುವ ರೆಪ್ಪೆಯ ಬಣ್ಣ ಬಂತು. ಅದರಲ್ಲಿದ್ದದ್ದು ಪ್ಯಾರಾಫಿನಿಲೀನ್‌ಡೈಅಮೀನ್, ಅಂದರೆ ಪಿಪಿಡಿ. ಹಚ್ಚಿಕೊಂಡ ಕೆಲವರು ಕಣ್ಣು ಕಳೆದುಕೊಂಡರು, ಸಾವೂ ಆಯಿತು. ಆಗ ಸರ್ಕಾರದ ಕೈಯಲ್ಲಿ ಅದನ್ನು ತಡೆಯುವ ಕಾನೂನೇ ಇರಲಿಲ್ಲ. 1938ರಲ್ಲಿ ಬಂದ ಕಾನೂನು ಅದನ್ನು ಮುಟ್ಟುಗೋಲು ಹಾಕಿಸಿತು. ತಮಾಷೆ ನೋಡಿ, ಅದೇ ಕಾನೂನು ಕಲ್ಲಿದ್ದಲಿನ ಡಾಂಬರು, ಅಂದರೆ ಕೋಲ್-ಟಾರ್‌ನಿಂದ ಬರುವ, ಪಿಪಿಡಿ ಇರುವಂಥ ಹೇರ್ ಡೈಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ಎಚ್ಚರಿಕೆಯ ಮಾತು ಅಚ್ಚು ಹಾಕಿ, ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ನೋಡಿ ಎಂದು ಹೇಳಿದರೆ ಸಾಕಿತ್ತು. ಹುಬ್ಬು, ರೆಪ್ಪೆಗೆ ಮಾತ್ರ ಈ ವಿನಾಯಿತಿ ಇಲ್ಲ. ಪಿಪಿಡಿ ಇವತ್ತಿಗೂ ತಲೆಗೂದಲಿನ ಬಣ್ಣದಲ್ಲಿದೆ. ಯುರೋಪ್ ಕೂಡ ಅದನ್ನು ನಿಷೇಧಿಸಿಲ್ಲ, ಹಚ್ಚುವಾಗ ಶೇ. 2 ಮೀರಬಾರದು ಎಂದಿದೆ ಅಷ್ಟೇ.

ಅಂದರೆ ‘ವಿಷವೋ ಅಲ್ಲವೋ’ ಅನ್ನುವುದಕ್ಕಿಂತ ಎಷ್ಟು, ಎಲ್ಲಿ, ಎಷ್ಟು ಹೊತ್ತು ಅನ್ನುವುದೇ ಕಾನೂನಿಗೆ ಮುಖ್ಯ. ಇದಕ್ಕೆ ಮೀಥೈಲ್‌ಐಸೋಥಯಾಜೋಲಿನೋನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಅದು ಕೆಡದಂತೆ ಕಾಪಾಡುವ ವಸ್ತು, ಆದರೆ ಚರ್ಮಕ್ಕೆ ಅಲರ್ಜಿ ತರುತ್ತದೆ. ಕ್ರೀಮ್ ಹಚ್ಚಿದರೆ ಗಂಟೆಗಟ್ಟಲೆ ಚರ್ಮದ ಮೇಲೇ ಇರುತ್ತದೆ, ಶಾಂಪೂ ಎರಡು ನಿಮಿಷದಲ್ಲಿ ತೊಳೆದು ಹೋಗುತ್ತದೆ. ಹಾಗಾಗಿ ಯುರೋಪ್ 2017ರಿಂದ ಹಚ್ಚಿ ಬಿಡುವ ವಸ್ತುಗಳಲ್ಲಿ ಇದನ್ನು ಪೂರ್ತಿ ನಿಷೇಧಿಸಿತು. ತೊಳೆದು ಬಿಡುವವುಗಳಲ್ಲಿ 15 ಪಿಪಿಎಂ ವರೆಗೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 15 ಪಾಲಿನವರೆಗೆ, ಉಳಿಸಿಕೊಂಡಿತು. ವಸ್ತು ಅದೇ, ತೀರ್ಪು ಎರಡು.

ಬೇಕಂತಲೇ ಹಾಕುವುದು ಬೇರೆ, ತಾನಾಗಿ ಸೇರಿಕೊಳ್ಳುವುದು ಬೇರೆ. ಬಿಳುಪಿನ ಕ್ರೀಮ್‌ಗಳಿಗೆ ಪಾದರಸ ಹಾಕುವುದು ಬೇಕಂತಲೇ. ಅದು ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಆಗುವುದನ್ನು ತಡೆಯುತ್ತದೆ, ಜೊತೆಗೆ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಲಿಪ್‌ಸ್ಟಿಕ್‌ಗೆ ಸೀಸವನ್ನು ಯಾರೂ ಸುರಿಯುವುದಿಲ್ಲ, ಅದು ಖನಿಜದ ಬಣ್ಣಗಳ ಜೊತೆ ಬರುತ್ತದೆ. ಎಫ್‌ಡಿಎ 400 ಲಿಪ್‌ಸ್ಟಿಕ್ ಪರೀಕ್ಷಿಸಿದಾಗ ಸರಾಸರಿ 1.11 ಪಿಪಿಎಂ ಸಿಕ್ಕಿತು, ಅತಿ ಜಾಸ್ತಿ 7.19. ಹೀಗೆ ನುಸುಳುವುದಕ್ಕೆ ಶೂನ್ಯ ಅನ್ನುವ ಮಿತಿ ಹಾಕಿದರೆ ಯಾರಿಂದಲೂ ಪಾಲಿಸಲು ಆಗುವುದಿಲ್ಲ. ಅದಕ್ಕೇ ಅಲ್ಲಿ 10 ಪಿಪಿಎಂ ಎಂಬ ಸಲಹಾ ಮಿತಿ ಬಂದದ್ದು.

ಇನ್ನು ಲೇಬಲ್ ಮೇಲಿನ ‘ಸುಗಂಧ’ ಅನ್ನುವ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಗುಟ್ಟಿನ ಸೂತ್ರ ಅನ್ನುವುದು ಕಂಪನಿಗಳ ವಾದ. ಇದು ನನಗೆ ಸುಮ್ನೆ ನೆಪ ಅನಿಸುತ್ತದೆ. ಯುರೋಪ್ ಕನಿಷ್ಠ ಅಲರ್ಜಿ ತರುವ ಸುಗಂಧಗಳನ್ನಾದರೂ ಹೆಸರಿಸಿ ಬರೆಯಲು ಹೇಳುತ್ತದೆ, ಅಲ್ವಾ?

ಅಮೆರಿಕದ್ದೂ ನಿಂತ ನೀರಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ, ಸೌಂದರ್ಯವರ್ಧಕಗಳ ನಿಯಂತ್ರಣವನ್ನು ಹೊಸದಾಗಿಸುವ ಮೊಕ್ರಾ ಕಾಯ್ದೆ ಕಾರ್ಖಾನೆಗಳ ನೋಂದಣಿ ಕಡ್ಡಾಯ ಮಾಡಿತು. ಬಳಸಿದವರಿಗೆ ಗಂಭೀರ ತೊಂದರೆಯಾದರೆ 15 ಕೆಲಸದ ದಿನಗಳೊಳಗೆ ವರದಿ ಮಾಡಬೇಕು. ಮಾಲು ವಾಪಸ್ ಪಡೆಯಿರಿ ಎಂದು ಆದೇಶಿಸುವ ಅಧಿಕಾರವೂ ಎಫ್‌ಡಿಎಗೆ ಮೊದಲ ಸಲ ಸಿಕ್ಕಿತು. ಸುರಕ್ಷತೆಯ ದಾಖಲೆ ಕಂಪನಿ ಹತ್ತಿರ ಇರಬೇಕು, ಆದರೆ ಮಾರುವ ಮೊದಲು ಒಪ್ಪಿಗೆ ಪಡೆಯಬೇಕಿಲ್ಲ.