ಕೆಎಲ್ ಬೋರ್ಡಿನ ಪಿಕಪ್ಪನ್ನು ಒಂದು ವರ್ಷ ಹಾಗೇ ಓಡಿಸಬಹುದೇ?

ಪ್ರಶ್ನೆ: ಕೇರಳದ ಇರಿಟ್ಟಿಯ ಒಬ್ಬ ಡೀಲರ್ ಹತ್ತಿರ 2019ರ ಬೊಲೆರೊ ಪಿಕಪ್ ನೋಡಿ ಬಂದಿದ್ದೇನೆ. ಗಾಡಿ ಚೆನ್ನಾಗಿದೆ, ನಮ್ಮ ಕೊಡಗಿನ ಗೋಣಿಕೊಪ್ಪದಲ್ಲಿ ಕೇಳುವುದಕ್ಕಿಂತ ಬೆಲೆಯೂ ಕಡಿಮೆ. “ಎನ್‌ಒಸಿ (ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಕೊಡಿಸುತ್ತೇನೆ, ಒಂದು ವರ್ಷ ಕೆಎಲ್ ನಂಬರಿನಲ್ಲೇ ಓಡಿಸಿ, ಆಮೇಲೆ ನಿಧಾನವಾಗಿ ಮಾಡಿಸಿಕೊಳ್ಳಿ” ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಮಾಡಬಾರದು. ಗಾಡಿ ಕೊಂಡ 30 ದಿನದೊಳಗೆ ಹೆಸರು ಬದಲಾವಣೆಯ ಅರ್ಜಿ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿರಬೇಕು.

ಪುತ್ತರಿ ಹಬ್ಬ ಕಳೆದು ಕಾಫಿ ತೋಟದಲ್ಲಿ ಹಣ್ಣು ಕೆಂಪಾಗುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ಡೀಲರ್ ಬೇರೆ, ಆದರೆ “ಒಂದು ವರ್ಷ” ಎನ್ನುವ ಮಾತು ಮಾತ್ರ ಒಂದೇ. ಕುಟ್ಟದವರು ಮಾನಂತವಾಡಿಯಲ್ಲಿ ಕೇಳಿದ್ದು, ಕರಿಕೆಯವರು ಕಾಸರಗೋಡಿನಲ್ಲಿ ಕೇಳಿದ್ದು, ಈಗ ನೀವು ಇರಿಟ್ಟಿಯಲ್ಲಿ ಕೇಳಿದ್ದು ಎಲ್ಲವೂ ಅದೇ. ಎಷ್ಟು ಸಲ ಹೇಳಿದರೂ ಮತ್ತೆ ಚಿಗುರುತ್ತಿದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಈ ಒಂದು ವರ್ಷದ ಮಾತು ಗಾಳಿಯಿಂದ ಬಂದದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಲ್ಲಿ ನಿಜಕ್ಕೂ 12 ತಿಂಗಳು ಎಂದಿದೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ, ಅದರ ಮಾಲೀಕರು ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಇದು ಯಾರಿಗಾಗಿ ಇರುವ ಮಾತು ಎಂದು ನೋಡಿ. ಕಣ್ಣೂರಿನ ಬ್ಯಾಂಕ್ ನೌಕರರೊಬ್ಬರು ಮಡಿಕೇರಿ ಶಾಖೆಗೆ ವರ್ಗವಾಗಿ ಬಂದರು ಎಂದಿಟ್ಟುಕೊಳ್ಳಿ. ಜೊತೆಗೆ ತಮ್ಮ ಕೆಎಲ್ 13 ಕಾರನ್ನೂ ತಂದರು. ಕಾರು ಮೊದಲೂ ಅವರದೇ, ಈಗಲೂ ಅವರದೇ. ಬದಲಾದದ್ದು ಕಾರು ನಿಲ್ಲುವ ಜಾಗ ಮಾತ್ರ. ಅಂಥವರಿಗೆ ಕಾನೂನು ಒಂದು ವರ್ಷ ಕೊಟ್ಟಿದೆ.

ನಿಮ್ಮ ವಿಷಯದಲ್ಲಿ ಮಾಲೀಕರೇ ಬದಲಾಗುತ್ತಿದ್ದಾರೆ. ಅದಕ್ಕೆ ಇರುವುದು 50ನೇ ಕಲಮು. ಕೊಂಡವರು 30 ದಿನದೊಳಗೆ ತಮ್ಮ ವಾಸಸ್ಥಳದ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. ಮಾರಿದವರಿಗೂ ಗಡುವಿದೆ: ಅದೇ ರಾಜ್ಯದೊಳಗೆ ಮಾರಿದರೆ 14 ದಿನ, ಹೊರರಾಜ್ಯಕ್ಕೆ ಮಾರಿದರೆ 45 ದಿನ. ಈ ಕಲಮಿನಲ್ಲಿ ಒಂದು ವರ್ಷ ಎಂಬ ಮಾತೇ ಇಲ್ಲ. 47ರಲ್ಲಿರುವ ಸೌಲಭ್ಯವನ್ನು ಕಿತ್ತು ತಂದು 50ಕ್ಕೆ ಅಂಟಿಸಿ ಮಾರುತ್ತಿದ್ದಾರೆ, ನಾವು ಕೊಳ್ಳುತ್ತಿದ್ದೇವೆ.

ಇನ್ನೊಂದು ಕಡೆಯಿಂದಲೂ ಈ ನಂಬಿಕೆಗೆ ನೀರು ಸಿಕ್ಕಿದೆ. 2014ರಲ್ಲಿ ಕರ್ನಾಟಕ ಸರಕಾರ ತನ್ನ ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನ ಮೀರಿ ಇಲ್ಲಿ ಉಳಿದರೆ ಜೀವಾವಧಿ ತೆರಿಗೆ ಕಟ್ಟಬೇಕು ಎಂದಿತ್ತು. ಬೆಂಗಳೂರಿನಲ್ಲಿ ಗಲಾಟೆಯಾಯಿತು, ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆ ಸುದ್ದಿ ನಮ್ಮ ಕಡೆ ತಲುಪುವಷ್ಟರಲ್ಲಿ “ಹೊರಗಿನ ಗಾಡಿ ಒಂದು ವರ್ಷ ಫ್ರೀ” ಎಂದಾಗಿತ್ತು. ಆ ಗಲಾಟೆ ತಮ್ಮದೇ ಹೆಸರಿನ ಗಾಡಿ ತಂದವರ ತೆರಿಗೆಯದು. ಬೇರೆಯವರ ಹೆಸರಿನ ಗಾಡಿಯನ್ನು ದುಡ್ಡು ಕೊಟ್ಟು ಕೊಂಡವರಿಗೂ ಅದಕ್ಕೂ ಸಂಬಂಧವಿಲ್ಲ.

ಎನ್‌ಒಸಿ ಬಂದರೆ ಎಲ್ಲ ಮುಗಿಯಿತು ಎನ್ನುವವರಿಗೂ ಒಂದು ಮಾತು. ಎನ್‌ಒಸಿ ಎಂದರೆ ಶಾಲೆಯ ಟಿಸಿ ಇದ್ದಂತೆ. ಹಳೆಯ ಶಾಲೆ ಬಾಕಿ ಏನೂ ಇಲ್ಲ ಎಂದು ಬಿಟ್ಟುಕೊಟ್ಟಿದೆ ಅಷ್ಟೆ, ಹೊಸ ಶಾಲೆ ಇನ್ನೂ ಸೇರಿಸಿಕೊಂಡಿಲ್ಲ. ಟಿಸಿಯನ್ನು ಜೇಬಿನಲ್ಲಿಟ್ಟುಕೊಂಡು ವರ್ಷವಿಡೀ ತಿರುಗುವ ಹುಡುಗ ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ನಿಮ್ಮ ಪಿಕಪ್ಪಿನ ಸ್ಥಿತಿಯೂ ಅದೇ. 28ನೇ ನಮೂನೆಯಲ್ಲಿ ಬರುವ ಆ ಪತ್ರದ ಮೇಲೆ ಯಾವ ಆರ್‌ಟಿಒಗೆ ಎಂದು ಬರೆದಿರುತ್ತದೆ. ಅದು ಕೆಎ 12, ಮಡಿಕೇರಿ ಎಂದೇ ಇರಬೇಕು. ಡೀಲರಿಗೆ ಪರಿಚಯವಿದೆ ಎಂದು ಮೈಸೂರಿಗೋ ಮಂಗಳೂರಿಗೋ ಬರೆಸಿ ತಂದು, ಮಡಿಕೇರಿ ಕೌಂಟರಿನ ಮುಂದೆ ಪೆಚ್ಚಾಗಿ ನಿಂತವರನ್ನು ನೋಡಿದ್ದೇನೆ.

“ನಮ್ಮ ಭಾವ ಎರಡು ವರ್ಷದಿಂದ ಹಾಗೇ ಓಡಿಸುತ್ತಿದ್ದಾರೆ, ಯಾರೂ ಹಿಡಿದಿಲ್ಲ” ಎಂಬ ಉತ್ತರ ಈಗ ಬರುತ್ತದೆ, ಗೊತ್ತು. ಪೆರುಂಬಾಡಿ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೋ ಇಲ್ಲವೋ ಎಂಬುದು ಇಲ್ಲಿ ಸಣ್ಣ ವಿಷಯ. ಒಂದು ಅಪಘಾತವಾಗಲಿ, ಆಗ ಪ್ರಶ್ನೆ ಬೇರೆಯಾಗುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಅಂದರೆ ನಿಮ್ಮ ಚಾಲಕ ತಿತಿಮತಿ ತಿರುವಿನಲ್ಲಿ ಬೈಕಿಗೆ ಗುದ್ದಿದರೆ, ನೋಟಿಸು ಹೋಗುವುದು ಕಣ್ಣೂರಿನಲ್ಲಿ ಎಂದೋ ಗಾಡಿ ಮಾರಿ ಮರೆತ ಮನುಷ್ಯನಿಗೆ. ಅವರು ಸುಮ್ಮನಿರುತ್ತಾರೆಯೇ?

ಇದರಲ್ಲಿ ನಿಮಗೇನು ನಷ್ಟ ಎಂದು ಕೇಳಬೇಡಿ, ಅದೂ ಇದೆ. ವಾಹನ ಕೈಬದಲಾದಾಗ ಮೂರನೆಯವರ ವಿಮೆ ತಾನಾಗಿ ನಿಮ್ಮ ಕಡೆಗೆ ಬರುತ್ತದೆ. ಆದರೆ ನಿಮ್ಮ ಸ್ವಂತ ಗಾಡಿಗಾದ ಹಾನಿಯ ವಿಮೆ ಹಾಗೆ ಬರುವುದಿಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಮಳೆಗಾಲದಲ್ಲಿ ಮಾಕುಟ್ಟದ ಇಳಿಜಾರಿನಲ್ಲಿ ಗಾಡಿ ಚರಂಡಿಗೆ ಇಳಿದು ಚಾಸಿ ತಿರುಚಿದರೆ, ನಿಮ್ಮ ಹೆಸರಿಲ್ಲದ ಪಾಲಿಸಿ ಹಿಡಿದು ನೀವು ಏನನ್ನೂ ಕೇಳಲಾರಿರಿ.

ನನ್ನ ತಮ್ಮನ ಗಾಡಿಯಲ್ಲಿ ನಾವು ಇದನ್ನು ಬೇರೆ ರೀತಿ ಅನುಭವಿಸಿದ್ದೇವೆ. ಡೀಲರ್ ಒಬ್ಬರು ಹಳೆಯ ಮಾಲೀಕರ ಸಹಿ ಹಾಕಿಸಿದ, ಹೆಸರು ಬದಲಾವಣೆಗೆ ಬೇಕಾದ 29 ಮತ್ತು 30ನೇ ನಮೂನೆಯ ಖಾಲಿ ಅರ್ಜಿಗಳನ್ನು ಕೈಗಿತ್ತು, ಯಾವಾಗ ಬೇಕಾದರೂ ತುಂಬಿಕೊಳ್ಳಿ ಎಂದಿದ್ದರು. ಕೊಯ್ಲು ಮುಗಿಯಲಿ, ಹೂಮಳೆ ಆಗಲಿ ಎಂದು ದಿನ ದೂಡಿದೆವು. ಅಷ್ಟರಲ್ಲಿ ಆ ಮಾಲೀಕರು ತೀರಿಕೊಂಡರು. ತೀರಿದವರ ಸಹಿಯ ಅರ್ಜಿ ನಡೆಯುವುದಿಲ್ಲ. ವಾರಸುದಾರರು ಮೊದಲು 31ನೇ ನಮೂನೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ನಮಗೆ ಕೊಡಬೇಕು. ಮೂವರು ಮಕ್ಕಳಲ್ಲಿ ಒಬ್ಬರು ಗಲ್ಫಿನಲ್ಲಿ. ಮುಂದಿನ ಕೊಯ್ಲಿನ ಪೂರ್ತಿ ಆ ಪಿಕಪ್ ಶೆಡ್ಡಿನಲ್ಲಿ ನಿಂತಿತ್ತು, ನಾವು ಬಾಡಿಗೆ ಗಾಡಿಯಲ್ಲಿ ಕಾಫಿ ಚೆರಿ ಚೀಲ ಸಾಗಿಸಿದೆವು. ಅಂದಿನಿಂದ ಖಾಲಿ ಅರ್ಜಿಯ ಮಾತೆತ್ತಿದರೆ ನಾನು ಎದ್ದು ಬರುತ್ತೇನೆ.

ಈಗ ಇದಕ್ಕೊಂದು ಒಳ್ಳೆಯ ದಾರಿಯಿದೆ, ಹೆಚ್ಚಿನವರು ಕೇಳುವುದೇ ಇಲ್ಲ. ಹಳೆಯ ವಾಹನ ಮಾರುವ ಡೀಲರುಗಳಿಗೆ ಆರ್‌ಟಿಒ ಅಧಿಕೃತ ಪತ್ರ ಕೊಡುವ ನಿಯಮ 2022ರ ಡಿಸೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಾಲೀಕರು ಗಾಡಿಯನ್ನು ಅಂಥ ಡೀಲರಿಗೆ ಒಪ್ಪಿಸಿದಾಗ 29ಸಿ ನಮೂನೆಯಲ್ಲಿ ಆರ್‌ಟಿಒಗೆ ತಿಳಿಸಬೇಕು. ಆ ಕ್ಷಣದಿಂದ ಕಾನೂನಿನ ಕಣ್ಣಲ್ಲಿ ಡೀಲರೇ ಮಾಲೀಕ. ಎನ್‌ಒಸಿಗೂ ಹೆಸರು ಬದಲಾವಣೆಗೂ ಅವರೇ ಅರ್ಜಿ ಹಾಕಬಹುದು, ಹೊಣೆಯೂ ಅವರದೇ. ನಿಮ್ಮ ಇರಿಟ್ಟಿಯ ಡೀಲರಿಗೆ ಮೊದಲ ಪ್ರಶ್ನೆ ಇದಾಗಲಿ: ಅಧಿಕೃತ ಪತ್ರ ತೋರಿಸಿ, ಈ ಗಾಡಿಗೆ 29ಸಿ ಆಗಿದೆಯೇ? ಆಗಿದೆ ಎಂದರೆ ಮುಂದಿನ ಮಾತು. ಆಗಿಲ್ಲ ಎಂದರೆ ಅವರು ಬರೀ ಮಧ್ಯವರ್ತಿ, ಆರ್‌ಸಿಯಲ್ಲಿರುವ ಮನುಷ್ಯನನ್ನೇ ಎದುರು ಕೂರಿಸಿಕೊಂಡು ವ್ಯವಹಾರ ಮಾಡಿ.

ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರಿದ್ದರೆ, ಸಾಲ ತೀರಿದ ಪತ್ರದ ಜೊತೆ ಆ ಹೆಸರು ತೆಗೆಸುವ 35ನೇ ನಮೂನೆ ಬೇಕು. ಚಲನ್ ಬಾಕಿ, ಎಫ್‌ಸಿ (ಗಾಡಿಯ ಸುಸ್ಥಿತಿ ಪತ್ರ) ದಿನಾಂಕ, ವಿಮೆ ಇವನ್ನು ಸರಕಾರದ ಪರಿವಾಹನ್ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಬಹುದು, ಡೀಲರ್ ತೋರಿಸುವ ಮುದ್ರಿತ ಹಾಳೆಯನ್ನು ನಂಬಬೇಡಿ. ಸರಕಿನ ಗಾಡಿಗೆ ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಒಟ್ಟು ತೂಕ 3000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಅದು ಆರ್‌ಸಿಯಲ್ಲೇ ಇರುತ್ತದೆ, ಮಾಡೆಲ್ ಹೆಸರು ನೋಡಿ ಊಹಿಸಬೇಡಿ. ಕರ್ನಾಟಕದ ತೆರಿಗೆಯನ್ನು ಮಡಿಕೇರಿಯಲ್ಲಿ ಕಟ್ಟಲೇಬೇಕು. ಗೋಣಿಕೊಪ್ಪದ ಬೆಲೆಗೂ ಇರಿಟ್ಟಿಯ ಬೆಲೆಗೂ ಹೋಲಿಸುವಾಗ ಆ ತೆರಿಗೆ, ಹೊಸ ನಂಬರ್ ಪ್ಲೇಟು, ನಾಲ್ಕೈದು ಸಲ ಓಡಾಡಿದ ಖರ್ಚು ಎಲ್ಲ ಕೂಡಿಸಿ ನೋಡಿ. ಎಷ್ಟೋ ಸಲ ಕಡಿಮೆ ಬೆಲೆ ಅಲ್ಲೇ ಕರಗಿಹೋಗುತ್ತದೆ.

ಗಾಡಿ ನೋಡುವಾಗ ಎಂಜಿನ್ ಸದ್ದಿಗೆ ಕಿವಿಗೊಡುವವರೇ ಎಲ್ಲ. ಕರಾವಳಿಯಿಂದ ಬರುವ ಪಿಕಪ್ಪಿನಲ್ಲಿ ನಾನು ಮೊದಲು ನೋಡುವುದು ಅಡಿಭಾಗ. ಮೀನು ಸಾಗಿಸಿದ ಗಾಡಿಯಾದರೆ ಐಸು ಕರಗಿದ ಉಪ್ಪುನೀರು ವರ್ಷಗಟ್ಟಲೆ ಡೆಕ್ಕಿನ ಸಂದಿನಿಂದ ಚಾಸಿಯ ಮೇಲೆ ಸುರಿದಿರುತ್ತದೆ. ಮೇಲಿನ ತಗಡು ಹೊಸದಾಗಿ ಹಾಕಿಸಿ ಬಣ್ಣ ಬಳಿದಿರುತ್ತಾರೆ. ಹಿಂದಿನ ಕಮಾನು ಪಟ್ಟಿ ಚಾಸಿಗೆ ಸೇರುವ ಬ್ರಾಕೆಟ್ ಹತ್ತಿರ ಮಲಗಿ ಟಾರ್ಚ್ ಬಿಟ್ಟು ನೋಡಿ, ಸ್ಕ್ರೂಡ್ರೈವರಿನಿಂದ ಚುಚ್ಚಿ. ತುಕ್ಕು ಪದರ ಪದರವಾಗಿ ಎದ್ದರೆ ಬೇಡ. ನಮ್ಮ ಮಳೆ ಅದನ್ನು ಇನ್ನೆರಡು ವರ್ಷದಲ್ಲಿ ಮುಗಿಸುತ್ತದೆ. 2018ರ ಆಗಸ್ಟಿನ ನೆರೆಯಲ್ಲಿ ಮುಳುಗಿದ ಗಾಡಿಗಳೂ ಕೇರಳದಲ್ಲಿ ಬಹಳ ಕೈ ಬದಲಾಗಿವೆ, ನಮ್ಮಲ್ಲೂ ಅಷ್ಟೆ. ಸೀಟಿನ ಕೆಳಗಿನ ಹಳಿಯಲ್ಲಿ, ವೈರಿಂಗ್ ಕಟ್ಟಿನ ಒಳಗೆ ಒಣಗಿದ ಕೆಸರು ಉಳಿದಿರುತ್ತದೆ. ಪರೀಕ್ಷೆಗೆ ಇರಿಟ್ಟಿ ಪೇಟೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ತಿಳಿಯದು. ಕೂಟುಪುಳ ದಾಟಿ ಮಾಕುಟ್ಟದ ಏರು ಹತ್ತಿಸಿ, ಇಳಿಯುವಾಗ ಬ್ರೇಕು ನೋಡಿ. ಆ ಗಾಡಿ ದಿನವೂ ಮಾಡಬೇಕಾದ ಕೆಲಸ ಅದೇ ತಾನೆ?

ನೀವು ಕೇಳದ ಒಂದು ವಿಷಯ ಬಾಕಿಯಿದೆ. ಪಿಕಪ್ ತೋಟಕ್ಕೆ ಬಂದ ಮರುದಿನವೇ ಎದುರಾಗುವ ಪ್ರಶ್ನೆ ಅದು: ಬೆಳಿಗ್ಗೆ ಕೂಲಿಯವರನ್ನು ಹಿಂದೆ ಕೂರಿಸಿಕೊಂಡು ಬರಬಹುದೇ? ಜನವರಿಯಿಂದ ಮಾರ್ಚಿನವರೆಗೆ ರೋಬಸ್ಟಾ ಕೊಯ್ಲಿನ ದಿನಗಳಲ್ಲಿ ಯಾವ ರಸ್ತೆಯಲ್ಲಿ ನಿಂತರೂ ಕಾಣುತ್ತದೆ, ಪಿಕಪ್ಪಿನ ಹಿಂದೆ ಹತ್ತು ಹದಿನೈದು ಜನ, ತಲೆಗೆ ಟವೆಲ್ ಕಟ್ಟಿದ ಹೆಂಗಸರು, ಅಂಚಿನಲ್ಲಿ ಕಾಲು ಇಳಿಬಿಟ್ಟ ಹುಡುಗರು. ಇದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ವಿಮೆ ಇದೆಯಲ್ಲ ಎಂಬ ಧೈರ್ಯ ಮಾತ್ರ ತಪ್ಪು. ಸರಕಿನ ವಾಹನದಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕರಿಗೆ, ಅವರ ಅಧಿಕೃತ ಪ್ರತಿನಿಧಿಗೆ ರಕ್ಷಣೆ ಸಿಕ್ಕಿದೆ. ಲೈನ್ ಮನೆಯಿಂದ (ತೋಟದ ಕೂಲಿಯವರ ವಸತಿಯಿಂದ) ಕೊಯ್ಲಿಗೆ ಹೊರಟ ಹದಿನೈದು ಜನ ಆ ಲೆಕ್ಕಕ್ಕೆ ಬರುವುದಿಲ್ಲ. ಕೈಕಾಲು ಮುರಿದುಕೊಂಡ ಕೂಲಿ ಹೆಣ್ಣುಮಗಳಿಗೆ ಪರಿಹಾರ ಕೊಡಬೇಕಾದವರು ಆಗ ನೀವೇ. ತೋಟದ ಮಾಲೀಕರಿಗೆ ಅದನ್ನು ಕಟ್ಟುವ ಶಕ್ತಿ ಇಲ್ಲದಿದ್ದರೆ ಆಕೆಯ ಗತಿಯೇನು?

ಕೆಲವರು ಇಲ್ಲಿ ಲೈಸೆನ್ಸಿನ ಮಾತು ತರುತ್ತಾರೆ. ಸಾಮಾನ್ಯ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ 7500 ಕೆಜಿಯೊಳಗಿನ ಸರಕಿನ ಗಾಡಿ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿತು, ನಿಜ. ಅದು ಚಾಲಕರಿಗೆ ಸಂಬಂಧಿಸಿದ್ದು. ಹಿಂದೆ ಜನ ಕೂರಿಸಲು ಅದರಲ್ಲಿ ಅನುಮತಿ ಇಲ್ಲ.

ದಿನವೂ ಮೂರು ನಾಲ್ಕು ಜನರನ್ನು ಕರೆತರುವ ಅಗತ್ಯವಿದ್ದರೆ, ಇರಿಟ್ಟಿಯ ಆ ಗಾಡಿ ಬಿಟ್ಟು ಬೊಲೆರೊ ಕ್ಯಾಂಪರಿನಂಥ ಎರಡು ಸಾಲು ಸೀಟಿನ ಪಿಕಪ್ ಹುಡುಕಿ, ಆರ್‌ಸಿಯಲ್ಲಿ ಆಸನ ಸಂಖ್ಯೆ ಎಷ್ಟು ಬರೆದಿದೆ ನೋಡಿ, ಅಷ್ಟೇ ಜನರನ್ನು ಕೂರಿಸಿ. ಹದಿನೈದು ಜನರಿದ್ದರೆ ಕೊಯ್ಲಿನ ಎರಡು ತಿಂಗಳಿಗೆ ಬಾಡಿಗೆ ಜೀಪು ಗೊತ್ತು ಮಾಡಿಕೊಳ್ಳಿ, ಗೊಬ್ಬರ ಮತ್ತು ಕೂಲಿಯ ಖರ್ಚು ಬರೆಯುವ ಪುಸ್ತಕದಲ್ಲೇ ಅದನ್ನೂ ಬರೆಯಿರಿ.